ಅಜ್ಜಿಯ ಕೋಳಿಯೂ ಬ್ರಹ್ಮಾಂಡದ ಬೆಳಗೂ



ಅಜ್ಜಿಯ ಕೋಳಿಯ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಒಂದು ಊರಿನಲ್ಲಿ ಒಬ್ಬ ಮುದುಕಿ. ಅವಳ ಬಳಿ ಒಂದು ಹುಂಜ. ಅದು ಕೂಗಿದೊಡನೆ ಊರು ಏಳುತ್ತಿತ್ತು, ಬೆಳಗಾಗುತ್ತಿತ್ತು. ತನ್ನ ಕೋಳಿ ಕೂಗದಿದ್ದರೆ ಆ ಊರಿಗೆ ಬೆಳಗೇ ಇಲ್ಲವೆಂದು ಆಕೆ ನಂಬಿದಳು. ಒಂದು ದಿನ ಊರವರ ಮೇಲೆ ಮುನಿದು, ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಕಾಡಿಗೆ ಹೊರಟುಹೋದಳು. ಮರುದಿನ ಊರಿಗೆ ಎಂದಿನಂತೆಯೇ ಬೆಳಗಾಯಿತು. ಈ ಕಥೆಯನ್ನು ಬಾಲ್ಯದಲ್ಲಿ ಕೇಳಿ ನಾವು ನಕ್ಕದ್ದುಂಟು. ಆದರೆ ಕಳೆದ ವರ್ಷ ತರಗತಿಯಲ್ಲಿ ನಿಂತು ನಾವೇ ಆ ಮುದುಕಿಯ ಮಾತನ್ನಾಡಿದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಈ ಲೇಖನವು ಆ ತಪ್ಪಿನ ತಿದ್ದುಪಡಿ.

ನಡೆದುದಿಷ್ಟು. ಚೌರಂಗಿಯ ಬಿರ್ಲಾ ತಾರಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದ ಮರುದಿನ, ಒಂಬತ್ತನೆಯ ತರಗತಿಗೆ ‘ವಿಶ್ವ ಮತ್ತು ಮನುಷ್ಯ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದ್ದೆವು. ವಿಷಯವನ್ನು ವಿವರಿಸುವಾಗ, ಈ ವಿಶ್ವವೆಲ್ಲವೂ ಮನುಷ್ಯನಿಗಾಗಿಯೇ ಅಣಿಯಾಗಿದೆಯೆಂದು ಆಧುನಿಕ ವಿಜ್ಞಾನವೇ ಒಪ್ಪಿಕೊಂಡಿದೆಯೆಂದೂ, ಅದನ್ನು ಪಂಡಿತರು ಆಂಥ್ರಾಪಿಕ್ ತತ್ತ್ವವೆಂದು ಕರೆಯುತ್ತಾರೆಂದೂ ಗಂಭೀರವಾಗಿ ಹೇಳಿದೆವು. ಕಡೆಯ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ನಮ್ಮ ಮನೆಯ ಹಿಂದಿನ ಚರಂಡಿಯಲ್ಲಿ ಸೊಳ್ಳೆಗಳೂ ಚೆನ್ನಾಗಿಯೇ ಬದುಕಿವೆ. ವಿಶ್ವ ಸೊಳ್ಳೆಗಾಗಿ ಆಗಿದೆ ಅಂತ ಯಾಕೆ ಹೇಳಬಾರದು?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕು, ಕುಳಿತುಕೊಳ್ಳೆಂದು ಆಕೆಗೆ ಹೇಳಿದೆವು. ಅಂದು ರಾತ್ರಿ ಸೊಳ್ಳೆಯ ಪರದೆಯೊಳಗೆ ಮಲಗಿ, ಹೊರಗಿನ ಗುಂಯ್‌ಗಾನವನ್ನು ಕೇಳುತ್ತಿರುವಾಗ, ಆ ಪ್ರಶ್ನೆಗೆ ನಮ್ಮ ಬಳಿ ಉತ್ತರವಿಲ್ಲವೆಂಬುದು ಮನಸ್ಸಿಗೆ ಹೊಳೆಯಿತು. ಅಲ್ಲಿಂದ ಮುಂದೆ ಆ ವಿಷಯವನ್ನು ಓದತೊಡಗಿದೆವು.

ಮೊದಲು ಆ ತತ್ತ್ವ ಹೇಳುವುದೇನೆಂಬುದನ್ನು ನೋಡೋಣ. ೧೫೪೩ರಲ್ಲಿ ಕೊಪರ್ನಿಕಸನ ಗ್ರಂಥವು ಪ್ರಕಟವಾದಂದಿನಿಂದ ಮನುಷ್ಯನ ಸಿಂಹಾಸನವು ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತ ಬಂದಿತು. ಭೂಮಿಯು ಕೇಂದ್ರವಲ್ಲ, ಸೂರ್ಯನ ಸುತ್ತ ತಿರುಗುವ ಒಂದು ಗ್ರಹವೆಂದು ತಿಳಿಯಿತು. ಸೂರ್ಯನೂ ಕೇಂದ್ರವಲ್ಲ, ಆಕಾಶಗಂಗೆಯ ಸಾಮಾನ್ಯ ನಕ್ಷತ್ರಗಳಲ್ಲೊಂದು ಎಂದಾಯಿತು. ಆಕಾಶಗಂಗೆಯೂ ಅಸಂಖ್ಯ ಗೆಲಾಕ್ಸಿಗಳಲ್ಲಿ ಒಂದೆಂದು ಇಪ್ಪತ್ತನೆಯ ಶತಮಾನವು ಸಾರಿತು. ಹೀಗಿರುವಾಗ ೧೯೭೩ರಲ್ಲಿ, ಕೊಪರ್ನಿಕಸನ ಐನೂರನೆಯ ಜನ್ಮವರ್ಷದ ಅಂಗವಾಗಿ ಪೋಲೆಂಡಿನ ಕ್ರಾಕೊ ನಗರದಲ್ಲಿ ನಡೆದ ವಿದ್ವತ್ಸಭೆಯಲ್ಲಿ ಬ್ರಾಂಡನ್ ಕಾರ್ಟರ್ ಎಂಬ ವಿಜ್ಞಾನಿಯು ಒಂದು ಎಚ್ಚರಿಕೆಯ ಮಾತನ್ನಾಡಿದನು. ನಾವು ಕೇಂದ್ರದಲ್ಲಿಲ್ಲವೆಂಬುದು ನಿಜ; ಆದರೆ ನಮ್ಮ ಸ್ಥಾನದಲ್ಲಿ ಯಾವ ವಿಶೇಷವೂ ಇಲ್ಲವೆಂಬುದು ಅದರಿಂದ ಸಿದ್ಧವಾಗುವುದಿಲ್ಲ; ನೋಡುವವನೊಬ್ಬನು ಇರಲು ಸಾಧ್ಯವಾದ ಎಡೆಯಿಂದ, ಇರಲು ಸಾಧ್ಯವಾದ ಕಾಲದಲ್ಲಿ ಮಾತ್ರವೇ ವಿಶ್ವವನ್ನು ನೋಡಲಾಗುವುದು; ಕಂಡುದನ್ನು ಅರ್ಥಮಾಡುವಾಗ ಇದನ್ನು ಮರೆಯಬಾರದು. ಇದೇ ಆತನ ಮಾತಿನ ತಿರುಳು. ಇದನ್ನು ನಾವು ಕನ್ನಡದಲ್ಲಿ ‘ಮಾನವಾಸ್ತಿತ್ವ ತತ್ತ್ವ’ವೆಂದು ಕರೆಯಬಹುದು.

ನಮ್ಮ ಶಾಲೆಯ ಒಂದು ದೃಷ್ಟಾಂತದಿಂದ ಇದು ಸ್ಪಷ್ಟವಾದೀತು. ನಿಮ್ಮ ತರಗತಿಯಲ್ಲಿ ನಿಂತು, “ಯಾರ ಮನೆಯವರು ಕರ್ನಾಟಕದಿಂದ ಕೋಲ್ಕತ್ತಕ್ಕೆ ಬಂದು ನೆಲೆಯೂರಿದ್ದಾರೆ? ಕೈ ಎತ್ತಿರಿ” ಎಂದು ಕೇಳಿದರೆ ಬಹುಮಟ್ಟಿಗೆ ಎಲ್ಲ ಕೈಗಳೂ ಮೇಲೇಳುತ್ತವೆ. ಇದನ್ನು ನೋಡಿ, ಊರು ಬಿಟ್ಟ ಕನ್ನಡಿಗರೆಲ್ಲರೂ ಕೋಲ್ಕತ್ತದಲ್ಲಿ ನೆಲೆಯೂರುವರೆಂದು ಯಾರಾದರೂ ಬರೆದರೆ ಅದು ನಗೆಪಾಟಲಾಗುವುದು. ಮುಂಬಯಿಗೆ ಹೋದವರು, ಇಲ್ಲಿಗೆ ಬಂದು ಒಗ್ಗದೆ ಹಿಂದಿರುಗಿದವರು, ಊರನ್ನೇ ಬಿಡದವರು ಈ ತರಗತಿಯಲ್ಲಿ ಕೈ ಎತ್ತಲು ಇರುವುದಿಲ್ಲವಷ್ಟೆ. ಪ್ರಶ್ನೆ ಕೇಳಿದ ಸ್ಥಳವೇ ಉತ್ತರವನ್ನು ಆರಿಸಿಕೊಂಡಿತು. ವಿಶ್ವವನ್ನು ಕುರಿತು ಕೇಳುವಾಗಲೂ ಹೀಗೆಯೇ. ಜೀವಿಗಳು ಹುಟ್ಟಲಾರದ ಎಡೆಗಳಲ್ಲಿ ಪ್ರಶ್ನೆ ಕೇಳುವವರೇ ಇಲ್ಲ. ಕಾರ್ಟರನು ಇದನ್ನು ಆ ತತ್ತ್ವದ ದುರ್ಬಲ ರೂಪವೆಂದು ಕರೆದನು. ಹೆಸರು ದುರ್ಬಲವಾದರೂ ಮಾತು ಗಟ್ಟಿಯಾದುದು.

ಇದರ ಪ್ರಯೋಜನವನ್ನು ಕಾರ್ಟರನಿಗಿಂತ ಮೊದಲೇ, ೧೯೬೧ರಲ್ಲಿ, ರಾಬರ್ಟ್ ಡಿಕಿ ಎಂಬ ಅಮೆರಿಕದ ವಿಜ್ಞಾನಿಯು ತೋರಿಸಿಕೊಟ್ಟಿದ್ದನು. ವಿಶ್ವಕ್ಕೆ ಈಗ ಸುಮಾರು ೧,೩೮೦ ಕೋಟಿ ವರ್ಷ. ಇಷ್ಟೇ ಏಕೆ? ಹತ್ತು ಲಕ್ಷ ವರ್ಷದ ಎಳೆಯ ವಿಶ್ವವನ್ನು ನಾವೇಕೆ ಕಾಣಲಿಲ್ಲ? ಉತ್ತರವು ನಮ್ಮ ಮೈಯಲ್ಲಿಯೇ ಇದೆ. ವಿಶ್ವದ ಮೊದಲ ಕೆಲವು ನಿಮಿಷಗಳಲ್ಲಿ ಉಂಟಾದುದು ಮುಖ್ಯವಾಗಿ ಜಲಜನಕ ಮತ್ತು ಹೀಲಿಯಂ. ನಮ್ಮ ದೇಹದ ಇಂಗಾಲ, ಉಸಿರಿನ ಆಮ್ಲಜನಕ, ರಕ್ತದ ಕಬ್ಬಿಣ ಇವೆಲ್ಲವೂ ನಕ್ಷತ್ರಗಳ ಕುಲುಮೆಯಲ್ಲಿ ಬೆಂದು, ಆ ನಕ್ಷತ್ರಗಳು ಮುಪ್ಪಾಗಿ ಚೆದುರಿದ ಮೇಲೆ ಹೊಸ ನಕ್ಷತ್ರಗಳಿಗೂ ಗ್ರಹಗಳಿಗೂ ಒದಗಿದವು. ಇದಕ್ಕೆ ನೂರಾರು ಕೋಟಿ ವರ್ಷಗಳು ಬೇಕು. ನಕ್ಷತ್ರಗಳೆಲ್ಲ ಆರಿಹೋದ ಮೇಲಾದರೋ ಜೀವಕ್ಕೆ ಬೆಚ್ಚನೆಯ ಎಡೆಯಿರದು. ಆದುದರಿಂದ ನೋಡುವವನು ಬಂದಾಗ ವಿಶ್ವವು ತೀರ ಎಳೆಯದಾಗಿಯೂ ಇರಲಾರದು, ತೀರ ಹಳೆಯದಾಗಿಯೂ ಇರಲಾರದು.

ನಕ್ಷತ್ರಗಳು ಯಾವುದರಿಂದ ಆಗಿವೆಯೆಂಬುದನ್ನು ಓದಲು ಬೇಕಾದ ಬೀಗದ ಕೈಯನ್ನು ಈ ನಗರದ ವಿಶ್ವವಿದ್ಯಾಲಯದ ಅಧ್ಯಾಪಕನೊಬ್ಬನೇ ಕೊಟ್ಟನೆಂಬುದು ನಿಮಗೆ ಹೆಮ್ಮೆಯ ವಿಷಯವಾಗಬೇಕು. ಮೇಘನಾದ ಸಾಹಾ ಅವರು ೧೯೨೦ರಲ್ಲಿ ಪ್ರಕಟಿಸಿದ ಸಮೀಕರಣವು, ನಕ್ಷತ್ರದ ಬೆಳಕಿನ ಗೆರೆಗಳಿಂದ ಅದರ ಉಷ್ಣತೆಯನ್ನೂ ಅದರಲ್ಲಿರುವ ಧಾತುಗಳನ್ನೂ ತಿಳಿಯಲು ದಾರಿಮಾಡಿತು. ಅದನ್ನೇ ಬಳಸಿ ಸಿಸಿಲಿಯಾ ಪೇನ್ ಎಂಬ ತರುಣಿಯು ೧೯೨೫ರಲ್ಲಿ, ನಕ್ಷತ್ರಗಳಲ್ಲಿ ಬಹುಪಾಲು ಇರುವುದು ಜಲಜನಕವೆಂದು ಕಂಡುಕೊಂಡಳು. ಮುಂದೆ ೧೯೫೩ರಲ್ಲಿ ಇಂಗ್ಲೆಂಡಿನ ಫ್ರೆಡ್ ಹಾಯ್ಲ್, ಮೂರು ಹೀಲಿಯಂ ಬೀಜಗಳು ಸೇರಿ ಇಂಗಾಲವಾಗಬೇಕಾದರೆ ಇಂಗಾಲದ ಬೀಜಕ್ಕೆ ಒಂದು ನಿರ್ದಿಷ್ಟ ಶಕ್ತಿಯ ಮಟ್ಟವಿರಲೇಬೇಕೆಂದು ಲೆಕ್ಕಹಾಕಿ, ಅಮೆರಿಕದ ಪ್ರಯೋಗಶಾಲೆಯವರಿಗೆ ಅದನ್ನು ಹುಡುಕಲು ಹೇಳಿದನು. ಹುಡುಕಿದಾಗ ಅದು ಸುಮಾರು ೭೬.೫ ಲಕ್ಷ ಎಲೆಕ್ಟ್ರಾನ್ ವೋಲ್ಟುಗಳಲ್ಲಿ ಸಿಕ್ಕಿಯೇ ಬಿಟ್ಟಿತು. ಮನುಷ್ಯನಿರುವುದರಿಂದಲೇ ವಿಜ್ಞಾನಿಗಳು ಇದನ್ನು ಊಹಿಸಿದರೆಂದು ಎಷ್ಟೋ ಪುಸ್ತಕಗಳು ಬರೆಯುತ್ತವೆ. ನಾವೂ ತರಗತಿಯಲ್ಲಿ ಹಾಗೆಯೇ ಹೇಳಿದ್ದೆವು. ಆದರೆ ಹಾಯ್ಲನ ತರ್ಕದಲ್ಲಿದ್ದುದು ಮನುಷ್ಯನಲ್ಲ, ಇಂಗಾಲ. ಜಗತ್ತಿನಲ್ಲಿ ಇಷ್ಟೊಂದು ಇಂಗಾಲವಿದೆ, ಅದು ಎಲ್ಲಿಯಾದರೂ ಹುಟ್ಟಿರಲೇಬೇಕು ಎಂಬುದೇ ಆತನ ಆಧಾರ.

ಇಂಗಾಲವಾದರೋ ನಮ್ಮ ಮೈಯಲ್ಲಿರುವಂತೆಯೇ ಸೊಳ್ಳೆಯ ಮೈಯಲ್ಲಿಯೂ ಇದೆ. ಹೂಗ್ಲಿಯ ದಡದ ಆಲದಲ್ಲಿಯೂ ಇದೆ, ಒಲೆಯ ಇದ್ದಿಲಿನಲ್ಲಿಯೂ ಇದೆ. ಆ ಹುಡುಗಿಯ ಪ್ರಶ್ನೆ ಸರಿಯಾದುದೇ ಆಗಿತ್ತು. ಈ ತತ್ತ್ವಕ್ಕೆ ಮಾನವನ ಹೆಸರನ್ನಿಟ್ಟಿರುವರೇ ಹೊರತು, ಅದರ ವಾದದಲ್ಲಿ ಮಾನವನಿಗೆಂದು ಮೀಸಲಾದ ಪೀಠವೇನೂ ಇಲ್ಲ.

ಹಾಗೆಂದು ಈ ತತ್ತ್ವವನ್ನು ತೆಗೆದುಹಾಕಲೂ ಆಗದು. ಐನ್‌ಸ್ಟೈನರು ೧೯೧೭ರಲ್ಲಿ ತಮ್ಮ ಸಮೀಕರಣಕ್ಕೆ ವಿಶ್ವಸ್ಥಿರಾಂಕವೆಂಬ ಒಂದು ಪದವನ್ನು ಸೇರಿಸಿದರಷ್ಟೆ. ಬರಿದಾದ ಆಕಾಶಕ್ಕೂ ಶಕ್ತಿಯಿದ್ದರೆ ಅದು ಎಷ್ಟಿರಬೇಕೆಂದು ಕ್ವಾಂಟಂ ವಿಜ್ಞಾನದಿಂದ ಅಂದಾಜುಮಾಡಿದರೆ, ಬರುವ ಸಂಖ್ಯೆಯು ನಿಜಕ್ಕಿಂತ ಒಂದರ ಮುಂದೆ ಸುಮಾರು ೧೨೦ ಸೊನ್ನೆಗಳನ್ನಿಟ್ಟಷ್ಟು ಪಾಲು ಹೆಚ್ಚಾಗುವುದು! ಈ ಗೊಂದಲದ ನಡುವೆ ಸ್ಟೀವನ್ ವೈನ್‌ಬರ್ಗರು ೧೯೮೭ರಲ್ಲಿ ಹೀಗೆ ಯೋಚಿಸಿದರು: ಈ ಸ್ಥಿರಾಂಕವು ಒಂದು ಮಿತಿಯನ್ನು ಮೀರಿದ್ದರೆ ವಿಶ್ವವು ಬೇಗನೆ ಹಿಗ್ಗಿಬಿಟ್ಟು ಗೆಲಾಕ್ಸಿಗಳೇ ಹೆಪ್ಪುಗಟ್ಟುತ್ತಿರಲಿಲ್ಲ, ಗೆಲಾಕ್ಸಿಗಳಿಲ್ಲದೆ ನಕ್ಷತ್ರಗಳಿಲ್ಲ, ನಕ್ಷತ್ರಗಳಿಲ್ಲದೆ ಕೇಳುವವರಿಲ್ಲ, ಆದುದರಿಂದ ನಾವು ಕಾಣುವ ಬೆಲೆಯು ಆ ಮಿತಿಯೊಳಗೇ ಇರಬೇಕು, ಸೊನ್ನೆಯೇ ಆಗಿರಬೇಕೆಂದಿಲ್ಲ. ೧೯೯೮ರಲ್ಲಿ ದೂರದ ಸೂಪರ್‌ನೋವಾಗಳನ್ನು ಅಳೆದ ಎರಡು ತಂಡಗಳು, ವಿಶ್ವದ ಹಿಗ್ಗುವಿಕೆಯ ವೇಗ ಹೆಚ್ಚುತ್ತಿರುವುದನ್ನು ಕಂಡವು. ಅದರಿಂದ ದೊರೆತ ಬೆಲೆಯು ಸೊನ್ನೆಯಾಗಿರಲಿಲ್ಲ, ಮಿತಿಯೊಳಗೇ ಇತ್ತು. ಇದನ್ನು ಈ ತತ್ತ್ವದ ಗೆಲುವೆಂದು ಕೆಲವರು ಎಣಿಸುತ್ತಾರೆ. ಆದರೆ ವೈನ್‌ಬರ್ಗರ ವಾದವು ನಿಲ್ಲಬೇಕಾದರೆ, ಬೇರೆ ಬೇರೆ ಬೆಲೆಗಳುಳ್ಳ ಬೇರೆ ಬೇರೆ ವಿಶ್ವಗಳೋ ವಿಶ್ವಭಾಗಗಳೋ ಅನೇಕವಾಗಿ ಇರಬೇಕು. ನೋಡಲೂ ಮುಟ್ಟಲೂ ಬಾರದ ಅವುಗಳನ್ನು ನಂಬಬಹುದೇ ಎಂದು ಮತ್ತೆ ಕೆಲವರು ಕೇಳುತ್ತಾರೆ. ವಿದ್ವಾಂಸರಲ್ಲಿ ಈ ವಿವಾದವಿನ್ನೂ ತೀರಿಲ್ಲ. ತೀರದ ವಿವಾದವನ್ನು ತೀರಿದೆಯೆಂದು ಮಕ್ಕಳಿಗೆ ಹೇಳಿದುದೇ ನಮ್ಮ ಮೊದಲನೆಯ ಅಪರಾಧ.

ಎರಡನೆಯ ಅಪರಾಧವು ಇನ್ನೂ ದೊಡ್ಡದು. ಕಾರ್ಟರನು ಈ ತತ್ತ್ವದ ಪ್ರಬಲ ರೂಪವೊಂದನ್ನೂ ಹೇಳಿದ್ದನು: ಯಾವುದೋ ಒಂದು ಘಟ್ಟದಲ್ಲಿ ನೋಡುವವರು ಹುಟ್ಟುವಂತೆಯೇ ವಿಶ್ವವು ಇರಬೇಕು ಎಂದು. ಇದನ್ನು ಹಿಡಿದು, ನೋಡುವವರಿಗಾಗಿಯೇ ವಿಶ್ವವಾಯಿತೆಂದು ಮುಂದುವರಿಸುವವರುಂಟು. ನಾವು ತರಗತಿಯಲ್ಲಿ ಆಡಿದುದು ಈ ಮುಂದುವರಿದ ಮಾತನ್ನೇ. ‘ನಾವಿರುವುದರಿಂದ ವಿಶ್ವವು ಹೀಗಿರಲೇಬೇಕು’ ಎಂಬುದಕ್ಕೂ ‘ನಾವಿರಲೆಂದೇ ವಿಶ್ವವು ಹೀಗಾಯಿತು’ ಎಂಬುದಕ್ಕೂ ಇರುವ ಅಂತರವು ಅಜಗಜಾಂತರ. ನಮ್ಮ ನಗರದ ಕುಮಾರಟುಲಿಗೆ ಹೋಗಿ ನೋಡಿರಿ. ಪೂಜೆಯ ದಿನಗಳು ಹತ್ತಿರವಾಗುತ್ತಿರಲು ಅಲ್ಲಿ ಹುಲ್ಲಿನ ಮೈಗೆ ನದಿಯ ಮಣ್ಣನ್ನು ಮೆತ್ತಿ ಮೂರ್ತಿಗಳನ್ನು ಮಾಡುತ್ತಾರೆ. ಆ ಮೂರ್ತಿಗೆ ಬುದ್ಧಿ ಬಂದು, “ಗಂಗೆಯು ಹಿಮಾಲಯದಿಂದ ಇಳಿದು ಬಂದಿರದಿದ್ದರೆ ಈ ಜೇಡಿಮಣ್ಣು ಇರುತ್ತಿರಲಿಲ್ಲ, ನಾನೂ ಇರುತ್ತಿರಲಿಲ್ಲ” ಎಂದರೆ ಅದು ಜಾಣಮೂರ್ತಿಯೆಂದು ನಾವು ಮೆಚ್ಚಬೇಕು. “ನನ್ನನ್ನು ಮಾಡಲೆಂದೇ ಗಂಗೆಯು ಹಿಮಾಲಯದಿಂದ ಇಳಿದು ಬಂದಳು” ಎಂದರೆ ಅದು ಅಜ್ಜಿಯ ಕೋಳಿಯ ನೆಂಟನಾಯಿತು. ಗಂಗೆಯು ಇಳಿದು ಬಂದುದಕ್ಕೆ ಉದ್ದೇಶವಿರಬಹುದು, ಇರದಿರಬಹುದು. ಅದನ್ನು ನಂಬುವವರು ತಮ್ಮ ಶ್ರದ್ಧೆಯಿಂದ ನಂಬಲಿ. ಮೂರ್ತಿಯ ಮೈಯಲ್ಲಿ ಮಣ್ಣಿದೆಯೆಂಬುದೊಂದರಿಂದಲೇ ಅದು ಸಿದ್ಧವಾಗದು ಎಂಬುದಷ್ಟೇ ನಮ್ಮ ಮಾತು.

ಹಾಗಾದರೆ ವಿಶ್ವದಲ್ಲಿ ಮನುಷ್ಯನಿಗೆ ಯಾವ ಸ್ಥಾನವೂ ಇಲ್ಲವೇ? ಈ ಪ್ರಶ್ನೆಯನ್ನು ನಮ್ಮ ನಗರದ ಮಹಾಕವಿಯು ಹಿಂದೆಯೇ ಎತ್ತಿದ್ದನು. ೧೯೩೦ರ ಜುಲೈ ೧೪ರಂದು ಬರ್ಲಿನ್ನಿನ ಬಳಿಯ ಕಾಪುಟ್ ಎಂಬಲ್ಲಿ, ಐನ್‌ಸ್ಟೈನರ ಮನೆಯಲ್ಲಿ ರವೀಂದ್ರನಾಥ ಠಾಕೂರರೂ ಐನ್‌ಸ್ಟೈನರೂ ಇದನ್ನೇ ಚರ್ಚಿಸಿದರು. ಜಗತ್ತು ಮನುಷ್ಯನು ಅರಿಯುವ ಜಗತ್ತು, ವಿಜ್ಞಾನದ ನೋಟವೂ ಮನುಷ್ಯನ ನೋಟವೇ ಎಂಬುದು ಕವಿಯ ಪಕ್ಷ. ಸೌಂದರ್ಯದ ಮಟ್ಟಿಗೆ ಅದನ್ನು ಒಪ್ಪುವೆನು, ಸತ್ಯದ ಮಟ್ಟಿಗೆ ಒಪ್ಪೆನು. ಮನೆಯಲ್ಲಿ ಯಾರೂ ಇಲ್ಲದಿರುವಾಗಲೂ ಮೇಜು ಇದ್ದಲ್ಲಿಯೇ ಇರುತ್ತದೆ ಎಂಬುದು ವಿಜ್ಞಾನಿಯ ಪಕ್ಷ. ಕಾಗದವನ್ನು ತಿನ್ನುವ ಹುಳುವಿಗೆ ಅದರ ಮೇಲಿನ ಸಾಹಿತ್ಯವು ಇಲ್ಲವೇ ಇಲ್ಲವೆಂದು ಕವಿಯು ದೃಷ್ಟಾಂತ ಕೊಟ್ಟನು. ತನ್ನ ಮತವನ್ನು ಸಾಧಿಸಿ ತೋರಿಸಲಾರೆನೆಂದೂ ಅದು ತನ್ನ ಶ್ರದ್ಧೆಯೆಂದೂ ವಿಜ್ಞಾನಿಯು ಒಪ್ಪಿಕೊಂಡನು. ಇಬ್ಬರೂ ಒಮ್ಮತಕ್ಕೆ ಬರಲಿಲ್ಲ, ಸ್ನೇಹವೇನೂ ಕೆಡಲಿಲ್ಲ. ಚರ್ಚೆಯೆಂದರೆ ಹೇಗಿರಬೇಕೆಂಬುದನ್ನು ಅವರಿಂದ ಕಲಿಯಬೇಕು.

ನಮ್ಮ ಅಭಿಪ್ರಾಯವನ್ನು ಕೇಳುವಿರಾದರೆ, ಮೇಜಿನ ವಿಷಯದಲ್ಲಿ ನಾವು ಐನ್‌ಸ್ಟೈನರ ಪಕ್ಷ. ಕೋಳಿ ಕೂಗದಿದ್ದರೂ ಬೆಳಗಾಗುವುದು. ನಾವು ಹುಟ್ಟುವ ಮೊದಲು ೧,೩೮೦ ಕೋಟಿ ವರ್ಷಗಳು ನಮ್ಮ ಅಪ್ಪಣೆಯನ್ನು ಕೇಳದೆಯೇ ಕಳೆದುವು. ಆದರೆ ಬೆಳಗಾಯಿತೆಂದು ತಿಳಿಯುವವರು ಬೇಕು. ಆ ಮಟ್ಟಿಗೆ ಕವಿಯ ಮಾತನ್ನು ತಳ್ಳಿಹಾಕಲಾಗದು. ಮನುಷ್ಯನು ವಿಶ್ವದ ಒಡೆಯನಲ್ಲದಿರಬಹುದು. ವಿಶ್ವದ ಸಾಕ್ಷಿಯಂತೂ ಹೌದು. ಒಡೆಯನಿಗೆ ಹಕ್ಕುಗಳಿವೆ, ಸಾಕ್ಷಿಗೆ ಇರುವುದು ಕರ್ತವ್ಯ. ಕಂಡುದನ್ನು ಕಂಡಂತೆ ಹೇಳಬೇಕು, ತಾನು ನಿಂತ ಸ್ಥಳವಾವುದೆಂಬುದನ್ನೂ ಹೇಳಬೇಕು. ಮಾನವಾಸ್ತಿತ್ವ ತತ್ತ್ವದಿಂದ ನಾವು ಕಲಿಯಬೇಕಾದ ಪಾಠವು ಇದೇ ಎಂದು ನಮಗೆ ತೋರುತ್ತದೆ.

ಸಾಕ್ಷಿ ಹೇಳುವವನಿಗೆ ಒಂದು ಭಾಷೆ ಬೇಕು. ಇಲ್ಲಿ ನಿಮ್ಮೊಡನೆ ಒಂದು ಆಪ್ತವಾದ ಮಾತನ್ನಾಡಬೇಕಾಗಿದೆ. ನಾವು ಕನ್ನಡದಲ್ಲಿಯೇ ಮೆಟ್ರಿಕ್ಕಿನವರೆಗೆ ಓದಿ, ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದವರು. ದೊಡ್ಡ ವಿಷಯಗಳೆಲ್ಲ ಇಂಗ್ಲಿಷಿನವರ ಸೊತ್ತು, ನಮ್ಮ ಭಾಷೆಯು ಮನೆಯ ಅಂಗಳಕ್ಕೆ ಸಾಕು ಎಂಬ ಅಳುಕು ಬಹುಕಾಲ ನಮ್ಮನ್ನು ಕಾಡಿತ್ತು. ನಿಮ್ಮಲ್ಲಿಯೂ ಕೆಲವರಿಗೆ ಆ ಅಳುಕುಂಟೆಂಬುದನ್ನು ಬಲ್ಲೆವು. ಕಾಲೇಜ್ ಸ್ಟ್ರೀಟಿನ ಪುಸ್ತಕದಂಗಡಿಗಳ ಮುಂದೆ ನಿಂತಾಗ ಆ ಅಳುಕು ಕರಗಿತು. ಅಲ್ಲಿ ಬಂಗಾಳದ ಮಕ್ಕಳು ಬಂಗಾಳಿಯಲ್ಲಿಯೇ ನಕ್ಷತ್ರಗಳನ್ನು ಕುರಿತು ಓದುತ್ತಿದ್ದರು. ಐನ್‌ಸ್ಟೈನರೊಡನೆ ವಾದಿಸಿದ ರವೀಂದ್ರರೇ ತಮ್ಮ ಇಳಿವಯಸ್ಸಿನಲ್ಲಿ, ೧೯೩೭ರಲ್ಲಿ, ‘ವಿಶ್ವಪರಿಚಯ’ವೆಂಬ ವಿಜ್ಞಾನದ ಪುಸ್ತಕವನ್ನು ಬಂಗಾಳಿಯಲ್ಲಿ ಬರೆದು ಸತ್ಯೇಂದ್ರನಾಥ ಬೋಸರಿಗೆ ಅರ್ಪಿಸಿದರು. ಆ ಬೋಸರು ತಾಯ್ನುಡಿಯಲ್ಲಿ ವಿಜ್ಞಾನವನ್ನು ಹರಡಲೆಂದು ೧೯೪೮ರಲ್ಲಿ ಬಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿದರು. ನಮ್ಮಲ್ಲಿಯೂ ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ, ಅನಂತರ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಬರೆದಿಟ್ಟು ಹೋಗಿದ್ದಾರೆ. ಭಾಷೆಗೆ ಶಕ್ತಿಯಿಲ್ಲವೆಂಬುದು ಸುಳ್ಳು, ಬಳಸುವವರು ಬೇಕು.

ಸ್ಥಳವು ಸಣ್ಣದಾದರೆ ನೋಟವೂ ಸಣ್ಣದಾಗಬೇಕೆಂಬ ನಿಯಮವೂ ಇಲ್ಲ. ಅಮಲ್ ಕುಮಾರ್ ರಾಯ್‌ಚೌಧುರಿಯವರು ೧೯೨೩ರಲ್ಲಿ ಬಾರಿಸಾಲಿನಲ್ಲಿ, ಶಾಲೆಯ ಗಣಿತದ ಉಪಾಧ್ಯಾಯರೊಬ್ಬರ ಮಗನಾಗಿ ಹುಟ್ಟಿ, ಕೋಲ್ಕತ್ತದಲ್ಲಿ ಓದಿ, ಇಲ್ಲಿಯೇ ದುಡಿದವರು. ೧೯೫೫ರಲ್ಲಿ ಅವರು ಪ್ರಕಟಿಸಿದ ಸಮೀಕರಣವು, ಗುರುತ್ವದ ಸೆಳೆತದಿಂದ ವಸ್ತುಗಳ ಹಾದಿಗಳು ಹೇಗೆ ಒಂದೆಡೆ ಕೂಡಿಕೊಳ್ಳುತ್ತವೆಂಬುದನ್ನು ತೋರಿಸಿತು. ವಿಶ್ವಕ್ಕೆ ಆರಂಭವುಂಟೇ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗ ಪೆನ್‌ರೋಸರಿಗೂ ಹಾಕಿಂಗರಿಗೂ ಅದೇ ಮೆಟ್ಟಿಲಾಯಿತು. ೧೯೬೧ರಿಂದ ಅವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಹುಡುಗರಿಗೆ ಪಾಠ ಹೇಳುತ್ತ ಬಾಳಿದರು. ೨೦೦೫ರಲ್ಲಿ ಇದೇ ನಗರದಲ್ಲಿ ತೀರಿಕೊಂಡರು. ನೀವು ಟ್ರಾಮು ಬಸ್ಸುಗಳಲ್ಲಿ ಓಡಾಡುವ ಈ ಬೀದಿಗಳಿಂದಲೇ ವಿಶ್ವದ ಬೆಳಗಿನ ಕಡೆಗೆ ಒಬ್ಬರು ಹೀಗೆ ಕಣ್ಣು ಹಾಯಿಸಿದ್ದರು.

ಕಡೆಯದಾಗಿ ಆ ಪ್ರಬಂಧಗಳ ಮಾತು. ಸೊಳ್ಳೆಯ ಹುಡುಗಿಯು ನಮ್ಮ ವಿವರಣೆಯನ್ನು ಅನುಸರಿಸದೆ, ವಿಶ್ವವು ಯಾರಿಗಾಗಿಯೂ ಆಗಿಲ್ಲದಿರಬಹುದು, ಆದರೂ ನನಗೆ ಅದನ್ನು ನೋಡುವ ಆಸೆ ಎಂದು ಬರೆದಿದ್ದಳು. ವಿಷಯಕ್ಕೆ ಹೊಂದುವುದಿಲ್ಲವೆಂದು ಮೊದಲು ಕೆಂಪು ಶಾಯಿಯಲ್ಲಿ ಗೆರೆಯೆಳೆದು ಅಂಕಗಳನ್ನು ಕಡಿಮೆಮಾಡಿದ್ದೆವು. ಒಂದು ತಿಂಗಳ ಓದಿನ ಅನಂತರ ಅದನ್ನು ಹಿಂದಕ್ಕೆ ತರಿಸಿ, ಗೆರೆಯನ್ನು ಹೊಡೆದುಹಾಕಿ, ತರಗತಿಯ ಎದುರಿನಲ್ಲಿ ಅಂಕಗಳನ್ನು ತಿದ್ದಿದೆವು. ನಮ್ಮ ಪ್ರಶಂಸೆಯನ್ನು ಅನುಸರಿಸಿ ಬರೆದವರ ಅಂಕಗಳನ್ನು ಕಡಿಮೆಮಾಡಲಿಲ್ಲ. ಏಕೆಂದರೆ ಅದು ಅವರ ತಪ್ಪಲ್ಲ, ನಮ್ಮದು.

ಮಕ್ಕಳೇ, ಉಪಾಧ್ಯಾಯರು ಹೇಳಿದರೆಂದು ನಂಬಬೇಡಿರಿ. ಉಪಾಧ್ಯಾಯರು ಹೇಳಿದರೆಂಬುದಕ್ಕಾಗಿ ತಿರಸ್ಕರಿಸಲೂ ಬೇಡಿರಿ. ಎದ್ದು ನಿಂತು ಕೇಳಿರಿ. ತರಗತಿ ನಕ್ಕರೂ ಕೇಳಿರಿ. ಕನ್ನಡದಲ್ಲಿಯೇ ಕೇಳಿರಿ. ನಿಮ್ಮ ಪ್ರಶ್ನೆಯಿಂದ ವಿಶ್ವವು ಬದಲಾಗದಿರಬಹುದು. ಒಬ್ಬ ಉಪಾಧ್ಯಾಯನಂತೂ ತಿದ್ದಿಕೊಂಡನು.